ಕೇಸ್ ಪೇಪರಿನ ಹಿಂಬದಿ

ಯಂತ್ರ ಮತ್ತೆ ನಿಂತಿತು. ಪರದೆಯ ಮೇಲೆ ಕೆಂಪು ಚೌಕ ಮೂಡಿತು. ಓದಲಾಗಲಿಲ್ಲ ಎಂದು ಅದರ ಅರ್ಥ. ಮನಿಷಾ ಸ್ಕ್ಯಾನರಿನ ಮುಚ್ಚಳ ಎತ್ತಿ ಕೇಸ್ ಪೇಪರನ್ನು ಹೊರಳಿಸಿ ನೋಡಿದಳು. ಮುಂಬದಿಯಲ್ಲಿ ಎಂದಿನಂತೆ ಇಂಗ್ಲಿಷಿನಲ್ಲಿ ಔಷಧದ ಹೆಸರು, ಮರಾಠಿಯಲ್ಲಿ ರೋಗಿಯ ದೂರು. ಹಿಂಬದಿಯ ಕೆಳಮೂಲೆಯಲ್ಲಿ ಮಾತ್ರ ನೀಲಿ ಶಾಯಿಯ ಎರಡು ಸಾಲು ಕನ್ನಡ.

ಬೆಳಗಿನಿಂದ ಇದೇ ಆಗುತ್ತಿತ್ತು. ಯಂತ್ರಕ್ಕೆ ಮರಾಠಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಕನ್ನಡವನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಮಿರಜದ ಬಜಾರಿನ ದವಾಖಾನೆಯ ಕಾಗದಗಳಲ್ಲಿ ಕನ್ನಡ ಸಿಕ್ಕೀತೆಂದು ಮನಿಷಾಳಿಗೂ ಹೊಳೆದಿರಲಿಲ್ಲ.

ಅವಳು ಸಾಂಗಲಿಯಲ್ಲಿ ಸಣ್ಣ ಕಚೇರಿ ಇಟ್ಟುಕೊಂಡು ಹದಿನೆಂಟು ವರ್ಷಗಳಿಂದ ದವಾಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದಳು. ಕೆಲಸಕ್ಕೆ ಬರ ಇರಲಿಲ್ಲ. ಮಿರಜದಲ್ಲಿ ಕಣ್ಣುಮುಚ್ಚಿ ಕಲ್ಲು ಒಗೆದರೂ ಅದು ಯಾವುದಾದರೊಂದು ಡಾಕ್ಟರರ ಬೋರ್ಡಿಗೇ ಬಡಿಯುತ್ತಿತ್ತು. ಆದರೆ ಈ ದವಾಖಾನೆಯ ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅವಳು ತಾನಾಗಿಯೇ ಕೇಳಿ ತೆಗೆದುಕೊಂಡಿದ್ದಳು. ಅವಳ ಬಾಲ್ಯದ ಜ್ವರ, ಕೆಮ್ಮು, ಮೊಣಕಾಲಿನ ಗಾಯಗಳೆಲ್ಲ ಇಲ್ಲಿಯೇ ವಾಸಿಯಾಗಿದ್ದವು. ನಲವತ್ತು ವರ್ಷ ಇದನ್ನು ನಡೆಸಿದ ಡಾಕ್ಟರ್ ದಾದಾಸಾಹೇಬರು ಈಗ ಮಹಡಿಯ ಮೇಲಿನ ಕೋಣೆ ಬಿಟ್ಟು ಇಳಿಯುತ್ತಿರಲಿಲ್ಲ. ಕೆಳಗೆ ಅವರ ಮಗ ವೃಷಭ ಕೂರುತ್ತಿದ್ದ.

ಹಳೆಯ ಪದ್ಧತಿ ಸರಳವಾಗಿತ್ತು. ಮನೆಗೊಂದು ಖಾಕಿ ಲಕೋಟೆ, ಅದರಲ್ಲಿ ಆ ಮನೆಯವರೆಲ್ಲರ ಕೇಸ್ ಪೇಪರು. ಹೊಸದೂ ಹಾಗೆಯೇ ಇರಲೆಂದು ಮನಿಷಾಳೇ ಸೂಚಿಸಿದ್ದಳು: ಮನೆಗೊಂದು ಮೊಬೈಲ್ ನಂಬರು, ಸೋಮವಾರದಿಂದ ಆ ನಂಬರಿಗೆ ಮನೆಯ ಅಷ್ಟೂ ದಾಖಲೆ. ವೃಷಭನಿಗೆ ಇದು ಬಹಳ ಹಿಡಿಸಿತ್ತು.

ಕನ್ನಡದ ಸಾಲುಗಳು ಬಂದಾಗ ಅವಳಿಗೆ ಬೇಸರವಾಗುವ ಬದಲು ಒಳಗೊಳಗೇ ಹೆಮ್ಮೆಯೆನಿಸಿತು. ಇಡೀ ಕಚೇರಿಯಲ್ಲಿ ಕನ್ನಡ ಓದಬಲ್ಲವಳು ಅವಳೊಬ್ಬಳೇ. ಓದಿದ್ದು ಮರಾಠಿ ಶಾಲೆಯಲ್ಲಾದರೂ, ಅಜ್ಜಿಗೆ ಅಥಣಿಯಿಂದ ಬರುತ್ತಿದ್ದ ಕಾರ್ಡುಗಳನ್ನು ಓದಿ ಹೇಳಲು ಅವ್ವ ಅವಳಿಗೆ ಅಕ್ಷರ ಕಲಿಸಿದ್ದಳು. ಅರಿಶಿನದ ಚೀಲಗಳ ವಾಸನೆಯ ಪಡಸಾಲೆ, ಅಜ್ಜಿಯ ತೊಡೆಗೆ ಒರಗಿ ಒಂದೊಂದೇ ಅಕ್ಷರ ಕೂಡಿಸುತ್ತಿದ್ದ ಮಧ್ಯಾಹ್ನಗಳು. ಯಾರದೋ ಸೊಸೆ ಮುನಿಸಿಕೊಂಡು ತವರಿಗೆ ಹೋದದ್ದು, ಯಾರದೋ ಎಮ್ಮೆ ಈದದ್ದು ಎಲ್ಲವೂ ಅವಳ ಬಾಯಿಂದಲೇ ಆ ಮನೆಗೆ ಬರುತ್ತಿತ್ತು. ಮೂವತ್ತು ವರ್ಷಗಳ ಮೇಲೆ ಆ ಸುಖ ಮತ್ತೆ ಸಿಕ್ಕಂತಾಗಿ, ಅವಳು ಒಂದೊಂದೇ ಸಾಲನ್ನು ಕೂಡಿಸಿ ಓದಿ, ಮರಾಠಿಗೆ ತಿರುಗಿಸಿ ಟೈಪು ಮಾಡತೊಡಗಿದಳು.

ಓದುತ್ತ ಹೋದಂತೆ ರುಚಿ ಹತ್ತಿತು. ಊರಿಗೆಲ್ಲ ದರ್ಪ ತೋರಿಸುತ್ತಿದ್ದ ದಲಾಲಿಯೊಬ್ಬರು ಸೂಜಿ ಕಂಡರೆ ಮೂರ್ಛೆ ಹೋಗುತ್ತಿದ್ದರಂತೆ. ಮಾಲಗಾಂವದ ದ್ರಾಕ್ಷಿ ತೋಟದವರೊಬ್ಬರು ಕುಡಿಯುವುದನ್ನು ಬಿಡಲು ಕದ್ದು ಬರುತ್ತಿದ್ದರಂತೆ. ಊಟದ ಹೊತ್ತಿಗೆ ಅವಳು ದಲಾಲಿಯ ಕಥೆಯನ್ನು ಹೆಸರು ಹೇಳದೆ ಸಪನಾಳಿಗೆ ಹೇಳಿ ನಗಿಸಿದಳು. ಸಪನಾ ಅವಳ ಜೊತೆ ಕೆಲಸ ಮಾಡುವವಳು, ಇದೇ ಊರಿನವಳು. ನಗು ಮುಗಿಯುವುದರೊಳಗೆ ಹೆಸರನ್ನು ಸರಿಯಾಗಿ ಊಹಿಸಿದಳು. ಮನಿಷಾ ಮಾತು ಮರೆಸಿದಳು.

ಮಧ್ಯಾಹ್ನ ತನ್ನ ಮನೆಯ ಲಕೋಟೆ ಕೈಗೆ ಬಂತು. ಮೇಲೆ ಅಪ್ಪನ ಹೆಸರು, ಶಿವಲಿಂಗಪ್ಪ. ಒಳಗೆ ತನ್ನದು, ತಮ್ಮ ಸೂರಜನದು, ಅಜ್ಜಿಯದು, ಅವ್ವ ನಾಗವ್ವನದು. ಅವ್ವನದೇ ಎಲ್ಲಕ್ಕಿಂತ ದಪ್ಪ. ದಪ್ಪ ಇರಲೇಬೇಕು; ಅವ್ವನ ತಲೆನೋವು ಮನೆಯಲ್ಲಿ ಅಷ್ಟು ಹೆಸರಾಗಿತ್ತು. ತಿಂಗಳಿಗೊಮ್ಮೆ ಅವ್ವ ಇವಳ ಕೈಹಿಡಿದುಕೊಂಡು ಈ ದವಾಖಾನೆಗೆ ಬರುತ್ತಿದ್ದಳು. ಡಾಕ್ಟರರು ಕಾಗದದಲ್ಲಿ ಮಡಚಿದ ಗುಳಿಗೆ ಕೊಡುತ್ತಿದ್ದರು. ಮನೆಗೆ ಹೋದರೆ ಅಜ್ಜಿ ಆಗಲೇ ಒಣಶುಂಠಿ ತೇದು ಇಟ್ಟಿರುತ್ತಿದ್ದಳು. ಬೈಯುತ್ತಲೇ ಸೊಸೆಯ ಹಣೆಗೆ ಹಚ್ಚುತ್ತಿದ್ದಳು. ಹನ್ನೊಂದು ವರ್ಷ ಹೀಗೆ. ಮನಿಷಾಳಿಗೂ ಈಚೆಗೆ ತಲೆನೋವು ಶುರುವಾಗಿತ್ತು. ಪುಣೆಯ ಡಾಕ್ಟರರು ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಅವಳು ತಡಮಾಡದೆ ತಾಯಿಗೆ ಎಂದಿದ್ದಳು. ನಿದ್ದೆ, ನಾಡಿ ಎಲ್ಲ ಲೆಕ್ಕವಿಡುವ ತನ್ನ ಕೈಗಡಿಯಾರದಲ್ಲೂ ಅದನ್ನೇ ತುಂಬಿದ್ದಳು.

ಅವಳು ಕಾಗದವನ್ನು ಹೊರಳಿಸಿದಳು.

'ತಲೆನೋವಿಲ್ಲ. ಮಕ್ಕಳಾಗದಂತೆ ಗುಳಿಗೆ. ಎರಡನೆಯ ಹೆರಿಗೆಯಲ್ಲಿ ಜೀವ ಹೋಗಿ ಬಂದಿದೆ. ಅತ್ತೆಗೂ ಗಂಡನಿಗೂ ತಿಳಿಯಬಾರದು.'

ಕೆಳಗೆ ತಿಂಗಳು ತಿಂಗಳಿನ ತಾರೀಖು, ಪ್ರತಿಯೊಂದರ ಮುಂದೆ 'ಅದೇ' ಎಂಬ ಒಂದು ಮಾತು.

ಮನಿಷಾ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು. ಮನೆಯ ಅರಿಶಿನದ ಅಂಗಡಿಗೆ ಇನ್ನೊಬ್ಬ ಮೊಮ್ಮಗ ಬೇಕೆಂದು ಅಜ್ಜಿ ಹೊತ್ತ ಹರಕೆಗಳು, ಅಪ್ಪ ಸೋಮವಾರ ಬಿಡದೆ ಮಾಡಿದ ಉಪವಾಸ, ಅವರಿಬ್ಬರ ನಡುವೆ ಹಣೆಗೆ ಶುಂಠಿ ಬಳಿದುಕೊಂಡು ಕಣ್ಣು ಮುಚ್ಚಿ ಕುಳಿತ ಅವ್ವ. ಅಜ್ಜಿ ತೀರಿಕೊಂಡಿದ್ದಳು. ಅಪ್ಪ ಇದ್ದರು. ಲಕೋಟೆಯ ಮೇಲೆ ತಾನೇ ಬೆಳಿಗ್ಗೆ ಅಂಟಿಸಿದ ನಂಬರು ಸೂರಜನದು. ಸೂರಜನ ಸ್ವಭಾವ ಅವಳಿಗೆ ಗೊತ್ತಿತ್ತು. ಅಪ್ಪನ ಸಕ್ಕರೆ ಕಾಯಿಲೆಯ ರಿಪೋರ್ಟು ಬಂದ ಕೂಡಲೇ ಅವನು ಅದನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ, ಮೇಲಿಂದ ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಸೋಮವಾರಕ್ಕೆ ಇನ್ನು ಮೂರು ದಿನವಿತ್ತು.

ಕನ್ನಡದ ಸಾಲುಗಳನ್ನು ಬಿಟ್ಟುಬಿಡೋಣ ಎಂದು ಅವಳು ವೃಷಭನಿಗೆ ಹೇಳಿ ನೋಡಿದಳು. ಅವನು ಒಪ್ಪಲಿಲ್ಲ. ರೋಗಿಯ ಹಳೆಯ ವಿಷಯ ಗೊತ್ತಿದ್ದಷ್ಟೂ ಚಿಕಿತ್ಸೆಗೆ ಒಳ್ಳೆಯದು, ಅರ್ಧ ದಾಖಲೆ ಎಂದರೆ ಅರ್ಧ ಎಕ್ಸ್‌ರೇ ಇದ್ದಂತೆ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳಿಗೆ ತೊಂದರೆಯಾದರೆ ತನ್ನ ಫೋನು ಯಾವ ಭಾಷೆಯನ್ನಾದರೂ ಓದುತ್ತದೆ, ಫೋಟೋ ಹೊಡೆದು ಕಳಿಸಿದರಾಯಿತು ಎಂದೂ ಹೇಳಿದ. ಮನಿಷಾ ಲಕೋಟೆ ಹಿಡಿದುಕೊಂಡು ಮಹಡಿ ಹತ್ತಿದಳು.

ದಾದಾಸಾಹೇಬರು ಕಿಟಕಿಯ ಹತ್ತಿರ ಆರಾಮಕುರ್ಚಿಯಲ್ಲಿದ್ದರು. ಎಂಬತ್ತನಾಲ್ಕು ವಯಸ್ಸು, ಕಣ್ಣು ಮಂದವಾಗಿದ್ದರೂ ಧ್ವನಿ ಗುರುತು ಹಿಡಿಯುತ್ತಿದ್ದರು. "ಶಿವಲಿಂಗಪ್ಪನ ಮಗಳಲ್ಲೇನು? ಬಾ, ಕುಂಡ್ರು. ಮೊಣಕಾಲು ಒಡಕೊಂಡು ಬಂದೀ ಏನು ಮತ್ತ?" ಎಂದರು.

ಅವಳು ಕನ್ನಡದ ಸಾಲುಗಳ ಸಂಗತಿ ತೆಗೆದಳು. ಮುದುಕರು ನಕ್ಕರು. ಆಗ ಅವರಲ್ಲಿ ರಾವಸಾಬ ಎಂಬ ಕಂಪೌಂಡರ್ ಇದ್ದ. ಕೈಗುಣ ಒಳ್ಳೆಯದು, ಸೂಜಿ ಹಾಕಿದರೆ ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕೇಸ್ ಪೇಪರಿನಲ್ಲಿ ಬರೆದದ್ದು ಸಂಜೆಗೆ ಮಾರ್ಕೆಟ್ ತುಂಬ ಆಗಿರುತ್ತಿತ್ತು. ಅವನಿಗೆ ಮರಾಠಿ ಬರುತ್ತಿತ್ತು, ಔಷಧದ ಮಟ್ಟಿಗೆ ಇಂಗ್ಲಿಷೂ ಬರುತ್ತಿತ್ತು. ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ.

"ಹಿಂಗಾಗಿ ಕೀಲಿ ಹಾಕಿದ್ದೆ," ಎಂದರು. "ಕಪಾಟಿಗಲ್ಲ, ಅಕ್ಷರಕ್ಕ. ನನ್ನ ಮಗಗ ಕನ್ನಡ ಕಲಿಸಲಿಲ್ಲ ಅಂತ ಅವರವ್ವ ಕಡೀತನಾ ಬೈದಳು. ಕಲಿಸಿದ್ರ ಕೀಲಿಕೈ ಅವನ ಕೈಯಾಗ ಹೋಗತಿತ್ತು." ಆಮೇಲೆ ಕೇಳಿದರು: "ಆ ನಿನ್ನ ಮಶೀನು ರಾವಸಾಬನಕಿಂತ ಬಾಯಿಬಡಕ ಐತೇನು?"

"ಹೌದ್ರೀ ಕಾಕಾ," ಎಂದಳು ಮನಿಷಾ. "ಕಂಪೌಂಡರ್ ಕಾಕಾ ಊರಾಗಷ್ಟ ಹೇಳತಿದ್ರು. ಇದು ಒಮ್ಮೆ ಹೇಳಿದ್ರ ಮರೆಯಾಂಗಿಲ್ಲ."

ತಾನೂ ಹೇಳಿದ್ದೇನೆ ಎಂಬುದನ್ನು ಅವಳು ಮುಚ್ಚಿಡಲಿಲ್ಲ. ದಲಾಲಿಯ ಕಥೆ, ಸಪನಾಳ ನಗು, ಟೈಪು ಮಾಡಿದ ಅರವತ್ತಕ್ಕೂ ಹೆಚ್ಚು ಸಾಲು, ಎಲ್ಲವನ್ನೂ ಹೇಳಿದಳು. ಕೈಯಲ್ಲಿದ್ದ ಕಾಗದ ಯಾರದೆಂದು ಮಾತ್ರ ಹೇಳಲಿಲ್ಲ. ಅವರೂ ಕೇಳಲಿಲ್ಲ.

"ಬರದಾವ ನಾನು, ಖರೆ," ಎಂದರು ಮುದುಕರು. "ಮಾತು ನಂದಲ್ಲ. ಯಾರದು ಅವರಿಗೆ ಕೊಡು. ಬೇಕಾದ್ರ ಡಾಕ್ಟರಗ ತೋರಸ್ತಾರ, ಬ್ಯಾಡಾದ್ರ ಒಲಿಗೆ ಹಾಕ್ತಾರ. ವೃಷಭಗ ನಾ ಹೇಳತೇನಿ. ಅವ ಶಾಣ್ಯಾ ಅದಾನ, ಬರೇ ಗಡಿಬಿಡಿ."

ಸಂಜೆಯವರೆಗೆ ಕುಳಿತು ಅವಳು ಟೈಪು ಮಾಡಿದ್ದನ್ನೆಲ್ಲ ಅಳಿಸಿದಳು. ನಕಲು ಎಲ್ಲೆಲ್ಲಿ ಉಳಿಯುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಅಲ್ಲಲ್ಲಿಂದಲೂ ತೆಗೆದಳು. ಆ ಜಾಗದಲ್ಲಿ 'ಹಿಂಬದಿಯ ಬರಹ ರೋಗಿಯ ಕೈಯಲ್ಲಿದೆ' ಎಂದಷ್ಟೇ ಉಳಿಯಿತು. ಮನೆಗೊಂದು ನಂಬರು ಎಂಬುದನ್ನು ಕಿತ್ತು ಆಳಿಗೊಂದು ನಂಬರು ಮಾಡಬೇಕಿತ್ತು. ಸೋಮವಾರಕ್ಕೆ ಅದು ಮುಗಿಯುವ ಕೆಲಸವಾಗಿರಲಿಲ್ಲ. ವೃಷಭ ಮುಖ ಗಂಟಿಕ್ಕಿಕೊಂಡೇ ಹದಿನೈದು ದಿನ ಮುಂದೆ ಹಾಕಿದ.

ರವಿವಾರ ಬೆಳಿಗ್ಗೆ ಅವಳು ತವರಿಗೆ ಹೋದಳು. ಸೂರಜ ಅಂಗಡಿಗೆ ಹೋಗಿದ್ದ. ಅಪ್ಪ ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ಅಡುಗೆಮನೆಯಲ್ಲಿ ಅವ್ವ ಶೇಂಗಾ ಹುರಿಯುತ್ತಿದ್ದಳು.

"ಅವ್ವಾ, ನಿನ್ನ ತಲಿನೋವು ಈಗ ಹ್ಯಾಂಗೈತಿ?"

ನಾಗವ್ವ ಸೌಟು ತಿರುವುತ್ತಲೇ, "ನಿಮ್ಮಜ್ಜಿ ಹೋದಮ್ಯಾಲ ಬಂದೇ ಇಲ್ಲ ನೋಡು," ಎಂದಳು. ಆಮೇಲೆ ತಿರುಗಿ ಮಗಳ ಕೈಯಲ್ಲಿದ್ದ ಹಳದಿಗಟ್ಟಿದ ಕಾಗದ ಕಂಡಳು. ಕೈ ಚಾಚಿ ಗ್ಯಾಸು ಆರಿಸಿದಳು.

ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅಥಣಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಓದು, ನಿಧಾನವಾದರೂ ತಪ್ಪುತ್ತಿರಲಿಲ್ಲ.

"ನೀ ಓದೀಯೇನು?"

"ಓದೇನಿ. ತಪ್ಪಾತು."

ನಾಗವ್ವ ಹೊರಗಿನ ಕೋಣೆಯತ್ತ ನೋಡಿ ಧ್ವನಿ ಇಳಿಸಿದಳು. "ನಿಮ್ಮಪ್ಪಗ ಹೇಳಿದ್ರ ಬ್ಯಾಡ ಅಂತಿರಲಿಲ್ಲ ಅವರು. ಆದ್ರ ಅವರವ್ವನ ಮುಂದ ಅವರಿಗೆ ಸುಳ್ಳು ಹೇಳಾಕ ಬರಾಂಗಿಲ್ಲ. ಇಬ್ಬರ್ಯಾಕ ಹೇಳಬೇಕು, ಒಬ್ಬಾಕಿ ಹೇಳಿದ್ರ ಸಾಕು ಅಂದೆ."

"ಹಂಗಾದ್ರ ನನಗೆಲ್ಲಿಂದ ಬಂತು ಈ ತಲಿನೋವು?"

"ಆ ಕಂಪ್ಯೂಟರಿಂದ. ನನ್ನ ಮ್ಯಾಲೆ ಹಾಕಬ್ಯಾಡ."

ಬೆರಳು 'ಅದೇ, ಅದೇ' ಎನ್ನುತ್ತ ಕೆಳಗಿಳಿದು ಒಂದು ಕಡೆ ನಿಂತಿತು. ಮನಿಷಾ ಬಾಗಿ ನೋಡಿದಳು. ದವಾಖಾನೆಯಲ್ಲಿ ಅವಳ ಕಣ್ಣಿಗೆ ಬಿದ್ದಿರದ ಒಂದು ಸಾಲು ಅಲ್ಲಿತ್ತು. ಒಂದು ಮಾರ್ಚ್ ತಿಂಗಳ ತಾರೀಖು, ಅದರ ಮುಂದೆ: 'ಇವತ್ತು ನಿಜವಾಗಿಯೂ ತಲೆನೋವು.'

ನಾಗವ್ವನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಭುಜ ಕುಲುಕಿ, ಕನ್ನಡಕದ ಕೆಳಗಿಂದ ನೀರು ಇಳಿಯಿತು. ಏನಾಯಿತೆಂದು ಅಪ್ಪ ಹೊರಗಿನಿಂದ ಕೇಳಿದರು.

"ಏನಿಲ್ಲರೀ," ಎಂದಳು ನಾಗವ್ವ. "ಶೇಂಗಾದ ಹೊಗಿ."

ಕಾಗದವನ್ನು ಎರಡು ಮಡಿಕೆ ಮಾಡಿ, ಗೋಡೆಯ ಫಳಿಯ ಮೇಲಿನ ಮಸಾಲೆ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಫಳಿಗೆ ಹಾಸಿದ ಹಳೆಯ ಪೇಪರಿನ ಅಂಚನ್ನು ಎತ್ತಿದಳು. ಕೆಳಗೆ ಆಗಲೇ ಇನ್ನೂ ಒಂದಿಷ್ಟು ಕಾಗದಗಳಿದ್ದವು. ಒಂದು ನೀಲಿ ಇನ್‌ಲ್ಯಾಂಡ್ ಪತ್ರದ ಮೂಲೆ ಹೊರಗೆ ಇಣುಕುತ್ತಿತ್ತು.

ಮನಿಷಾ ಕಿಟಕಿಯ ಕಡೆ ತಿರುಗಿ ನಿಂತಳು. ಹೊರಗೆ ಎದುರುಮನೆಯವರು ಹಪ್ಪಳ ಒಣಹಾಕುತ್ತಿದ್ದರು. ಬೆನ್ನ ಹಿಂದೆ ಡಬ್ಬಿಗಳು ಒಂದೊಂದಾಗಿ ಫಳಿಯ ಮೇಲೆ ಕೂರುವ ಸದ್ದು ಕೇಳುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಅವಳು ಹಪ್ಪಳಗಳನ್ನೇ ಎಣಿಸುತ್ತ ನಿಂತಳು.