ಟಿಕೋಟೆಯ ಹೊಸ್ತಿಲಲ್ಲಿ ಹಿಮದ ಹೆಣ್ಣು

‘ಅಜ್ಜಗ ಅರಳು ಮರಳು’ ಎಂದು ಕಿಸಕಿಸ ನಗುವವರೇ, ಬಾಯಿ ಮುಚ್ಚಿ. ನಿನ್ನೆ ಉಂಡ ಪಲ್ಯ ಯಾವುದೆಂದು ನಿಮಗೇ ನೆನಪಿಲ್ಲ. ನಲವತ್ತಾರನೇ ಇಸವಿಯ ಆ ಮದುವೆಯಲ್ಲಿ ಯಾರು ಎಲ್ಲಿ ನಿಂತಿದ್ದರೆಂದು ನನಗೆ ನೆನಪಿದೆ. ಕೇಳಿ.

ಟಿಕೋಟೆಯ ಯಲಗೂರಪ್ಪ ವಿಜಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯ ಓದುತ್ತಿದ್ದ. ಹಳೇ ಕಾಲದ ಎಲಿಜಬೆತ್ ರಾಣಿಯ ದರ್ಬಾರಿನ ಕವಿಗಳು ಹೆಣ್ಣಿಗೆ ಹಿಮದ ಮೈ, ಚಿನ್ನದ ಕೂದಲು, ಕಲ್ಲಿನ ಎದೆ ಕೊಟ್ಟು, ತಾವು ಅವಳ ಕಾಲ ಬಳಿ ನಿಟ್ಟುಸಿರಿಡುತ್ತ ಸಾಯುತ್ತಿದ್ದರಂತೆ. ಹುಡುಗ ಮರುಳಾದ. ‘ಅದೇ ಕಾಲದಲ್ಲಿ ಈ ಸೋಗು ಕಂಡು ನಕ್ಕವರೂ ಇದ್ದರು, ಇದ್ದ ಹೆಣ್ಣನ್ನು ಇದ್ದಂತೆ ಮೆಚ್ಚಿ ಬರೆದರು’ ಎಂದು ಮಾಸ್ತರರು ಹೇಳಿದ್ದು ಮಾತ್ರ ಅವನಿಗೆ ಸಪ್ಪೆ ಎನಿಸಿತು.

ಬಬಲೇಶ್ವರದ ರಾಚವ್ವನ ಜೊತೆ ಅವನ ಮದುವೆಯಾಯಿತು. ಗಾಡಿ ಟಿಕೋಟೆಗೆ ಹೊರಟಾಗ ನಿಡೋಣಿಯ ಹಳ್ಳದಲ್ಲಿ ಗಾಲಿ ಎರೆಮಣ್ಣಿಗೆ ಹೂತಿತು. ಯಲಗೂರಪ್ಪ ಹೊಸ ಧೋತರ ಎತ್ತಿ ಹಿಡಿದು ಯೋಚಿಸುತ್ತ ಕೂತ. ರಾಚವ್ವ ಬಾಸಿಂಗ ಸರಿಸಿ ಕೆಳಗೆ ಧುಮುಕಿ, ಗಾಲಿಗೆ ಹೆಗಲು ಕೊಟ್ಟು, ‘ಹೊಯ್!’ ಎಂದಳು. ಗಾಡಿ ಎದ್ದಿತು. ಮೊಣಕಾಲತನಕ ಕೆಸರು ಮೆತ್ತಿಕೊಂಡು ಅವಳು ನಕ್ಕಾಗ ಅವನ ಎದೆ ಯಾಕೋ ಝಲ್ಲೆಂದಿತು.

ಮನೆ ಬಾಗಿಲಲ್ಲಿ ಅವನ ತಂಗಿ ರುದ್ರವ್ವ ಕೈ ಅಡ್ಡಹಾಕಿ ನಿಂತಿದ್ದಳು. ಹೊಸ ಜೋಡಿ ಒಬ್ಬರ ಹೆಸರನ್ನೊಬ್ಬರು ಪದ ಕಟ್ಟಿ ಒಡಪಿನಲ್ಲಿ ಹೇಳಬೇಕು, ಆಮೇಲೇ ಒಳಗೆ.

“ಕಲಿತಾಂವ ಅದೀಯಲ್ಲೋ ಅಣ್ಣಾ, ಒಗಿ ನೋಡೂಣು!”

ಯಲಗೂರಪ್ಪ ಎದೆ ಉಬ್ಬಿಸಿದ:

“ಹಿಮದಂಥ ಮೈಯವಳು, ಹೊನ್ನಿನ ಕೂದಲವಳು,
ಕಲ್ಲೆದೆಯ ರಾಚವ್ವ ನನ್ನ ಕೊಲ್ಲುವವಳು!”

ಮುತ್ತೈದೆಯರು ಬಾಯಿಗೆ ಸೆರಗು ಇಟ್ಟರು.

“ಶುಭದಾಗ ಕೊಲ್ಲೂ ಮಾತೇನೋ, ಖೋಡಿ!” ಎಂದಳು ರುದ್ರವ್ವ.

ರಾಚವ್ವ ತನ್ನ ಕಪ್ಪು ಕೈ ನೋಡಿಕೊಂಡಳು. “ಅಕಿ ಯಾರ್ರೀ? ಬಿಳಿ ಮೈ, ಕೆಂಚಗೂದಲ? ನಿಮ್ಮ ಮನಸನ್ಯಾಗ ಬ್ಯಾರೆಯಾಕಿ ಇದ್ದರ ಈಗ ಹೇಳ್ರಿ. ಎತ್ತಿನ್ನೂ ಬಿಚ್ಚಿಲ್ಲ, ಇದ ಗಾಡ್ಯಾಗ ತಿರುಗಿ ಹೋಗ್ತೀನಿ.”

“ಯಾರೂ ಇಲ್ಲ ಬೇ! ಪುಸ್ತಕದಾಗಿನಾಕಿ...”

“ಹಂಗಾರ ಪುಸ್ತಕದ ಕೂಡ ಸಂಸಾರ ಮಾಡ್ರಿ.”

ಅವಳು ನಿಜವಾಗಿಯೂ ಗಾಡಿಯತ್ತ ತಿರುಗಿದಳು. ಹೆಜ್ಜೆಹೆಜ್ಜೆಗೂ ನೆಲದ ಮೇಲೆ ಕೆಸರಿನ ಪಾದ ಮೂಡಿತು. ಅದನ್ನು ಕಂಡದ್ದೇ ತಡ, ಸಪ್ಪೆ ಎಂದು ಬಿಟ್ಟಿದ್ದ ಆ ಪಾಠ ಯಲಗೂರಪ್ಪನ ತಲೆಗೆ ಹೊಕ್ಕಿತು. ಅವನು ಓಡಿಹೋಗಿ ಗಾಡಿಗೆ ಅಡ್ಡ ನಿಂತು ಕೂಗಿದ:

“ನಿಡೋಣಿ ಹಳ್ಳದಾಗ ಗಾಲಿ ಹೂತಿತ್ತ,
ಕಲಿತ ಗಂಡನ ಕಲಿಕಿ ಸೋತಿತ್ತ;
ಬಾಸಿಂಗ ಸರಿಸಿ ಹೆಗಲ ಕೊಟ್ಟಾಕಿ
ಕೆಸರಗಾಲಿನ ರಾಚವ್ವ ನನ್ನಾಕಿ!”

ಅಂಗಳವೆಲ್ಲ ಹೋ ಎಂದಿತು. ರಾಚವ್ವ ತುಟಿ ಕಚ್ಚಿ ನಗು ತಡೆದಳು, ತಡೆಯಲಾಗಲಿಲ್ಲ.

“ಓದಿದ್ದ ಮರತು ಕಂಡದ್ದ ಹೇಳ್ಯಾರ,
ಯಲಗೂರಪ್ಪ ಈಗ ಗಂಡ ಆಗ್ಯಾರ!”

ರುದ್ರವ್ವ ಕೈ ತೆಗೆದಳು. “ಬಾ ವೈನಿ, ಕಾಲ ತೊಳಿಸ್ತೀನಿ.”

“ಬ್ಯಾಡ!” ಎಂದ ಯಲಗೂರಪ್ಪ. “ಹಂಗ ಬರ್ಲಿ.”

ಸಾರಿಸಿದ ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡಿಸುತ್ತ ರಾಚವ್ವ ಒಳಗೆ ಬಂದಳು.

ಇದನ್ನು ನಿಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಡಿ. ಯಾವನಾದರೂ ಮದುಮಗ ಒಡಪಿಗಾಗಿ ಪುಸ್ತಕ ತೆರೆದು ಕೂತಿದ್ದು ಕಂಡರೆ, ಮೊದಲು ಪುಸ್ತಕ ಮುಚ್ಚಿಸಿ, ಆಮೇಲೆ ಅವನ ಕಿವಿಗೆ ಈ ಕಥೆ ಹಾಕಿ.