ನೂರೆ ಗೆಡ್ಡೆಯ ಕೆಳಗಿನ ಚಿತ್ರ

ಉಳಿದ ಪ್ರತಿಗಳನ್ನು ಒಯ್ಯಲು ಕೊಳ್ಳೇಗಾಲಕ್ಕೆ ಬಂದಿದ್ದ ಚೈತ್ರ, ಷಡಕ್ಷರಿಯ ಡಿಟಿಪಿ ಅಂಗಡಿಯ ಮುಂದೆ ನಿಂತು ಪುಸ್ತಕದ ನಡುವಿನ ಒಂದು ಪುಟ ತೆರೆದಳು. ತನ್ನ ಹೆಸರಿದ್ದ ಮೊದಲ ಪುಸ್ತಕ. ಹೊಸ ಕಾಗದದ ವಾಸನೆ ಹಿತವಾಗಿತ್ತು. ಆದರೆ ಆ ಪುಟ ನೋಡಿದವಳೇ ಹಾಗೇ ನಿಂತುಬಿಟ್ಟಳು.

ಮೇಲೆ 'ನೂರೆ ಗೆಡ್ಡೆ' ಎಂದು ದಪ್ಪಕ್ಷರ. ಬೇಯಿಸಿ ತಿನ್ನುವ ಬಗೆ, ಅಜ್ಜಿ ಬೊಮ್ಮಮ್ಮ ಹೇಳಿದಂತೆಯೇ. ಕೆಳಗಿದ್ದ ಚಿತ್ರ ಮಾತ್ರ ನೂರೆಯದಲ್ಲ, ಅಗ್ನಿಶಿಖೆಯ ಗೆಡ್ಡೆಯದು. ಅದು ವಿಷ.

ಚೈತ್ರ ಯಳಂದೂರು ಕಡೆಯ ಬೆಟ್ಟದ ಸೋಲಿಗರ ಹುಡುಗಿ. ಅಜ್ಜಿಯ ಹಿಂದೆ ಕಾಡು ಸುತ್ತಿ, ತಿನ್ನುವ ಸೊಪ್ಪು ಗೆಡ್ಡೆ ಯಾವುದು, ಮುಟ್ಟಬಾರದ್ದು ಯಾವುದು ಎಂದು ಬರೆದುಕೊಂಡು, ಒಂದೊಂದರ ಫೋಟೊ ತೆಗೆದಿದ್ದಳು. ಬರೆದದ್ದು ಕಂಪ್ಯೂಟರಿಗೆ ಬಂದ ಮೇಲೆ ಗೋಳು ಶುರುವಾಯಿತು. ಎಲ್ಲೋ ಒಂದು ಸಾಲು ಸೇರಿಸಿದರೆ ಫೋಟೊಗಳೆಲ್ಲ ಮುಂದಿನ ಪುಟಕ್ಕೆ ಜಿಗಿಯುತ್ತಿದ್ದವು. ಅರ್ಧ ಪುಟ ಖಾಲಿ ಬೀಳುತ್ತಿತ್ತು.

"ಇಂಗೆ ಒಂದೊಂದೇ ಕೂರ್ಸ್ತಾ ಕುಂತ್ರೆ ಮುಗಿಯಾಕಿಲ್ಲ ಚೈತ್ರಮ್ಮ," ಎಂದು ಷಡಕ್ಷರಿ ಕೊನೆಗೊಂದು ಪ್ರೋಗ್ರಾಂ ಹುಡುಕಿ ತಂದಿದ್ದ. ಫೋಲ್ಡರಿನಲ್ಲಿ ಫೋಟೊಗಳನ್ನು ಸಾಲಾಗಿ ಇಟ್ಟರೆ ಸಾಕು, ಮೊದಲ ಹೆಸರಿನ ಕೆಳಗೆ ಮೊದಲನೆಯದು, ಎರಡನೆಯದರ ಕೆಳಗೆ ಎರಡನೆಯದು, ತಾನೇ ಕೂರಿಸಿಕೊಂಡು ಹೋಗುತ್ತಿತ್ತು. ಕಣ್ಣೆದುರೇ ಪುಟಗಳು ತುಂಬಿದಾಗ ಚೈತ್ರ ಚಪ್ಪಾಳೆ ತಟ್ಟಿದ್ದಳು. ಕೊನೆಯ ಗಿಡಕ್ಕೆ ಫೋಟೊ ಬಂದಿರಲಿಲ್ಲ. ಜಾಗ ಸಾಲಲಿಲ್ಲವೇನೋ ಎಂದುಕೊಂಡಿದ್ದರು ಇಬ್ಬರೂ.

ಈಗ ಅವಳಿಗೆ ಹೊಳೆಯಿತು. ಅದರ ಹಿಂದಿನ ದಿನ, ಮಸುಕಾಗಿದ್ದ ಒಂದು ಸೊಪ್ಪಿನ ಫೋಟೊವನ್ನು ತಾನೇ ಫೋಲ್ಡರಿನಿಂದ ಅಳಿಸಿದ್ದಳು. ಅಲ್ಲಿಂದ ಮುಂದಿನ ಒಂದೊಂದು ಫೋಟೊವೂ ಒಂದು ಹೆಸರು ಮೇಲಕ್ಕೆ ಸರಿದಿತ್ತು. ಕರಡು ತಿದ್ದುವಾಗ ಅಕ್ಷರ ನೋಡಿದ್ದಳೇ ಹೊರತು ಚಿತ್ರ ನೋಡಿರಲಿಲ್ಲ.

"ಸಾ, ರಾಮಾಪುರದ ಪುಸ್ತಕದ ಕಟ್ಟು?"

"ಓಗಿ ಎಲ್ಡ್ ಮೂರು ದಿನಾಯ್ತಲ್ಲವ್ವ. ಯಾಕೆ?"

ರಾಮಾಪುರದ ಮಹಿಳಾ ಸಂಘದವರು ಗೆಡ್ಡೆ ಮೇಳ ಇಟ್ಟುಕೊಂಡಿದ್ದರು. ಹೊಲಗೆಲಸದ ಹೆಂಗಸರು, ಕಾಡಿನ ಗೆಡ್ಡೆ ಕಂಡವರಲ್ಲ. ಅವರ ಮುಂದಾಳು ರತ್ನ ಪುಸ್ತಕ ಬೇಕೇ ಬೇಕೆಂದು ದುಂಬಾಲು ಬಿದ್ದು ತರಿಸಿಕೊಂಡಿದ್ದಳು. ಅಗ್ನಿಶಿಖೆಯಾದರೋ ಅಲ್ಲಿ ಬೇಲಿಬೇಲಿಯಲ್ಲೂ ಹಬ್ಬುವ ಬಳ್ಳಿ.

ಚೈತ್ರ ರತ್ನಳಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ರಾಮಾಪುರದ ದಾರಿಯಲ್ಲಿರುವ ಹನೂರಿನ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿ, ಕಂಬಿ ಹಿಡಿದು ನಿಂತು, ದಾರಿಯುದ್ದಕ್ಕೂ ಅದೇ ನಂಬರನ್ನು ಒತ್ತುತ್ತ ಹೋದಳು. ಎದುರಿಗೆ ಕಬ್ಬಿನ ಟ್ರಾಕ್ಟರು ಬಂದು ಬಸ್ಸು ನಿಧಾನವಾದಾಗಲೆಲ್ಲ ಇಳಿದು ಓಡಿಬಿಡಲೇ ಅನ್ನಿಸುತ್ತಿತ್ತು. ಹನೂರು ಹತ್ತಿರವಾದಾಗ ಆ ಕಡೆಯಿಂದ ಗಂಡಸಿನ ದನಿ ಬಂತು. ರತ್ನಳ ಗಂಡ ನಟರಾಜು.

"ಹನೂರು ಆಸ್ಪತ್ರೇಲಿ ಇದ್ದೀವಿ ಕಣವ್ವ. ರಾತ್ರಿ ಬೇಲೀಲಿ ಅಗೆದಿದ್ ಅದೇನೋ ಗೆಡ್ಡೆ ಬೇಯ್ಸಿ ತಿಂದ್ಲು. ಬೆಳಗಾನದಿಂದ ವಾಂತಿ ನಿಲ್ತಾ ಇಲ್ಲ."

ಆಸ್ಪತ್ರೆಯ ಮಂಚದ ಮೇಲೆ ರತ್ನ ಮುದುಡಿ ಮಲಗಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಡ್ರಿಪ್ ಹಾಕಿದ್ದರು. ನೂರೆ ಗೆಡ್ಡೆ ತಿಂದದ್ದೆಂದು ಮನೆಯವರು ಹೇಳಿದ್ದನ್ನೇ ಡಾಕ್ಟರಮ್ಮ ಬರೆದುಕೊಂಡಿದ್ದರು. ಚೈತ್ರ ಪುಸ್ತಕ ತೆಗೆದು ಅವರ ಮುಂದೆ ಹಿಡಿದಳು.

"ಮೇಡಂ, ತಿಂದಿರೋದು ನೂರೆ ಅಲ್ಲ, ಅಗ್ನಿಶಿಖೆ. ಪುಸ್ತಕದಲ್ಲಿ ಚಿತ್ರ ತಪ್ಪಾಗಿದೆ. ತಪ್ಪು ನನ್ನದೇ."

ಡಾಕ್ಟರಮ್ಮನ ಮುಖ ಬದಲಾಯಿತು. "ಇಲ್ಲಿ ಆಗಲ್ಲ. ಈಗಲೇ ಮೈಸೂರಿಗೆ ಹೊರಡಬೇಕು," ಎಂದು ಆಂಬುಲೆನ್ಸಿಗೆ ಹೇಳಲು ಎದ್ದರು. ನಟರಾಜು ಒಮ್ಮೆ ಪುಸ್ತಕವನ್ನೂ ಒಮ್ಮೆ ಚೈತ್ರಳನ್ನೂ ನೋಡಿದ. ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದಳು. ಅವನು ಅಂದದ್ದು ಬೇರೆ.

"ಮಿಕ್ಕಿದ್ ಗೆಡ್ಡೇನ ಸಂಘದೋರ್ಗೆಲ್ಲಾ ಹಂಚವ್ಳೆ. ಇವತ್ತು ಮಾಡಿ ನೋಡ್ತೀವಿ ಅಂದಿದ್ರು."

ಆಂಬುಲೆನ್ಸಿನಲ್ಲಿ ಜಾಗವಿತ್ತು. ರತ್ನಳ ಜೊತೆಗಿರಬೇಕೆಂದು ಚೈತ್ರಳ ಜೀವ ಹೊಡೆದುಕೊಳ್ಳುತ್ತಿತ್ತು. ಆದರೂ ಹೊರಗೋಡಿ, ಸಿಕ್ಕ ಆಟೊದವನಿಗೆ ಕೈಮುಗಿದು ರಾಮಾಪುರಕ್ಕೆ ಬಿಡಿಸಿಕೊಂಡಳು.

ಮೊದಲ ಮನೆಯಲ್ಲಿ ಗೆಡ್ಡೆ ಪುಟ್ಟಿಯಲ್ಲೇ ಇತ್ತು. ಮುಂದಿನದರಲ್ಲಿ ಬಾಗಿಲಿಗೆ ಬೀಗ, ಒಡತಿ ಹೊಲಕ್ಕೆ ಹೋಗಿದ್ದಳು. ಚೈತ್ರ ಬದುವಿನ ಮೇಲೆ ಎಡವುತ್ತ ಓಡಿ ಅವಳನ್ನು ಹಿಡಿದಳು. ಇನ್ನೂ ಸುಲಿದಿಲ್ಲವೆಂದು ಅವಳು ಹೇಳಿದ ಮೇಲೆಯೇ ಉಸಿರು ಬಿಟ್ಟದ್ದು. ಸಂಘದ ಮುದುಕಿ ಮಹಾಲಕ್ಷ್ಮಮ್ಮನ ಮನೆಗೆ ಹೋದಾಗ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಚೈತ್ರ ಕೇಳದೆ ಒಳನುಗ್ಗಿ, ಸೆರಗಿನಲ್ಲೇ ಪಾತ್ರೆ ಹಿಡಿದು, ಹಿತ್ತಲಿಗೆ ಚೆಲ್ಲಿದಳು.

"ಯಾರ್ಲಾ ಇವ್ಳು? ಉಣ್ಣೋ ಅನ್ನ ಚೆಲ್ತಾವ್ಳಲ್ಲ!"

"ತಿಂದ್ರಾ ಅವ್ವ? ಯಾರಾದ್ರೂ ತಿಂದ್ರಾ?"

ಅವಳ ಅಂಗೈ ಬೊಬ್ಬೆ ಎದ್ದದ್ದನ್ನು ಕಂಡು ಮುದುಕಿಯ ಸಿಟ್ಟು ತಣ್ಣಗಾಯಿತು. "ಇಲ್ಲ ಕಣ್ ಮಗ. ಇನ್ನೂ ಬೆಂದಿರ್ನಿಲ್ಲ."

ಸಂಜೆಯ ಹೊತ್ತಿಗೆ ಹಂಚಿದ್ದ ಗೆಡ್ಡೆಯೆಲ್ಲ ಸಿಕ್ಕಿತು, ಹೊಂಡ ತೋಡಿ ಹೂತರು. ಮೇಳ ನಿಂತುಹೋಯಿತು. ಮರುದಿನ ಚೈತ್ರ, ಇನ್ನೊಂದು ಕಟ್ಟು ಹೋಗಿದ್ದ ಗೋಪಿನಾಥಂಗೂ ಹೋಗಿ ಅಲ್ಲಿದ್ದ ಪುಸ್ತಕಗಳನ್ನೂ ವಾಪಸು ತಂದಳು. ಮೈಸೂರಿನಿಂದ ಮಾತ್ರ ಒಳ್ಳೆಯ ಸುದ್ದಿಯಿರಲಿಲ್ಲ. ಪ್ರತಿ ಸಲ ಫೋನು ಮಾಡಿದಾಗಲೂ ನಟರಾಜು, "ಏನೂ ಹೇಳಾಕಾಗಲ್ಲ ಅಂತವ್ರೆ," ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಬೆಟ್ಟದಲ್ಲಿ ಬೊಮ್ಮಮ್ಮ ಮೊಮ್ಮಗಳನ್ನು ಬೈಯಲಿಲ್ಲ. ತಟ್ಟೆ ಮುಂದಿಟ್ಟರೆ ಚೈತ್ರಳಿಗೆ ತುತ್ತು ಇಳಿಯುತ್ತಿರಲಿಲ್ಲ.

ರತ್ನ ಬದುಕಿದಳು. ಮನೆಗೆ ಬಂದಳೆಂದು ತಿಳಿದು ಚೈತ್ರ ನೋಡಲು ಹೋದಳು. ರತ್ನ ಜಗಲಿಯ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಗಾಳಿಗೆ ಸೆರಗು ಜಾರಿತು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಮೊಣಕಾಲವರೆಗೆ ಬರುತ್ತಿದ್ದ ಜಡೆ ಅವಳದು.

"ಬಾಚಣಿಗೆ ಇಟ್ರೆ ಕೈಗೇ ಬಂದ್ಬುಡ್ತು," ಎಂದಳು ರತ್ನ. "ಮತ್ತೆ ಬತ್ತದಂತೆ. ಡಾಕ್ಟ್ರು ಅಂದ್ರು."

"ಅಕ್ಕ, ನಾನು..."

"ಕಹಿ ಇತ್ತು ಕಣ್ ಚೈತ್ರ. ಬಾಯ್ಗೆ ಇಟ್ಟಾಗ್ಲೇ ಗೊತ್ತಾಯ್ತು. ಪುಸ್ತಕದಲ್ಲಿ ಚಿತ್ರ ಅದೆಯಲ್ಲ, ಕಾಡಿಂದು ಇಂಗೇ ಇರ್ತದೆ ಅಂದ್ಕಂಡು ತಿಂದೆ."

ನಟರಾಜು ಒಳಗಿನಿಂದ ಕಾಫಿ ತಂದು ಚೈತ್ರಳ ಕೈಗೆ ಕೊಟ್ಟು ಹೋದ. ಲೋಟ ಹಿಡಿದು ಕೂತೇ ಇದ್ದಳು. ಕಾಫಿಯ ಮೇಲೆ ಕೆನೆ ಕಟ್ಟಿತು.

"ಕುಡಿ," ಎಂದಳು ರತ್ನ, ರಸ್ತೆಯ ಕಡೆ ನೋಡುತ್ತ. "ಅದ್ರಲ್ಲೇನೂ ಇಲ್ಲ."

ಇಬ್ಬರಿಗೂ ನಗು ಬರಲಿಲ್ಲ. ಚೈತ್ರ ಕಣ್ಣೊರೆಸಿಕೊಂಡು ಕುಡಿದಳು.