ಐವತ್ತು ದಾಟಿದವರ ಸ್ಕೂಟರ್ ಕ್ಲಾಸು

ಮಂಗಳೂರಿನ ಕೊಡಿಯಾಲ್‌ಬೈಲಿನ ಜಾಹೀರಾತು ಕಂಪನಿಯ ಕೆಲಸ ಬಿಟ್ಟು ಸ್ವಂತವಾಗಿ ಪೋಸ್ಟರ್, ಲೋಗೊ ಮಾಡಲು ಹೊರಟ ನಿರೀಕ್ಷಾಳಿಗೆ ಸಿಕ್ಕಿದ ಮೊದಲ ಗಿರಾಕಿಗಳು ಲೂರ್ಡ್ಸ್ ಮತ್ತು ವಾರಿಜಾಕ್ಷಿ. ಲೂರ್ಡ್ಸ್ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ವಾರಿಜಾಕ್ಷಿ ಅಲ್ಲೇ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಿದ್ದವರು. ನಿವೃತ್ತಿಯಾದ ವರ್ಷವೇ ಇಬ್ಬರೂ ಸ್ಕೂಟರ್ ಕಲಿತರು. ಆ ಖುಷಿ ಎಷ್ಟು ತಲೆಗೇರಿತೆಂದರೆ, ಐವತ್ತು ದಾಟಿದ ಹೆಂಗಸರಿಗಾಗಿ ವಾಮಂಜೂರಿನಲ್ಲಿ ಒಂದು ಕ್ಲಾಸನ್ನೇ ತೆರೆದುಬಿಟ್ಟರು. ಬಂದವರು ಒಬ್ಬರೇ, ಆಶಾಲತಾ. ಅವರೂ ಸ್ಕೂಟರನ್ನು ದೂರದಿಂದ ನೋಡಿ, ಕಾಫಿ ಕುಡಿದು, ಬಸ್ಸು ಹತ್ತಿ ಹೋದರು.

"ಒಂದು ಪೋಸ್ಟರ್ ಬೇಕಿತ್ತು ಮಗಾ," ಎಂದು ಲೂರ್ಡ್ಸ್ ಫೋನ್ ಮಾಡಿದಾಗ ನಿರೀಕ್ಷಾ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ದೊಡ್ಡದು? ಯಾವ ಬಣ್ಣ?

ಬಣ್ಣ ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ. "ಪಿಂಕ್ ಮಾಡು," ಎಂದರು ಲೂರ್ಡ್ಸ್.

ನಿರೀಕ್ಷಾ ಗುಲಾಬಿ ಬಣ್ಣದ ಸ್ಕೂಟರ್ ಬಿಡಿಸಿದಳು. ಅದರ ಮೇಲೆ ಬಳುಕುವ ಸೊಂಟದ ಹುಡುಗಿ, ಗಾಳಿಗೆ ಹಾರುವ ಕೂದಲು, ಹಿಂದೆ ಸಮುದ್ರ. ತನ್ನ ಚಿತ್ರಕ್ಕೆ ತಾನೇ ಮನಸೋತು, ಅದನ್ನು ಹಿಡಿದುಕೊಂಡು ಲೂರ್ಡ್ಸ್ ಮನೆಗೆ ಹೋದಳು. ಇಬ್ಬರು ಹೆಂಗಸರೂ ಕನ್ನಡಕ ಹಾಕಿಕೊಂಡು ನೋಡಿದರು.

"ಚೆಂದ ಉಂಟು," ಎಂದರು ಲೂರ್ಡ್ಸ್. ಆ 'ಚೆಂದ' ಉಪ್ಪಿಲ್ಲದ ಗಂಜಿಯ ಹಾಗಿತ್ತು.

"ಇವಳು ಯಾರು?" ವಾರಿಜಾಕ್ಷಿ ಕೇಳಿದರು.

"ನಿಮ್ಮಲ್ಲಿಗೆ ಕಲೀಲಿಕ್ಕೆ ಬರುವವರು, ವಾರಿಜಕ್ಕ."

"ಇವಳಿಗೆ ಕಲಿಸ್ಲಿಕ್ಕೆ ನಾವು ಯಾಕೆ ಮಾರಾಯ್ತಿ? ಇವಳೇ ನಮ್ಮನ್ನು ಹಿಂದೆ ಕೂರಿಸಿಕೊಂಡು ಮುಂಬೈಗೆ ಹೋದಾಳು."

ನಿರೀಕ್ಷಾ ಚಿತ್ರವನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟಳು. "ಹಾಗಾದ್ರೆ ಯಾರು ಬರ್ಬೇಕು? ಒಬ್ಬರನ್ನು ಹೇಳಿ, ಅವರು ನನ್ನ ಕಣ್ಣಿಗೆ ಕಾಣ್ಬೇಕು."

ಇಬ್ಬರಿಗೂ ಒಮ್ಮೆಲೇ ಮಾತು ಉಕ್ಕಿತು. ಆಶಾಲತಾ ಇದ್ದಾರಲ್ಲ, ಬ್ಲೌಸ್ ಹೊಲಿಯುವವರು, ಬಟನ್ ತರಲಿಕ್ಕೂ ಮಗನ ಬೈಕಿಗೆ ಕಾಯುವವರು. ಆನಿ ಇದ್ದಾರೆ, ಗಂಡ ಕುವೈತಿನಲ್ಲಿ, ಅಂಗಳದಲ್ಲಿ ಸ್ಕೂಟರಿಗೆ ಮುಸುಕು ಹಾಕಿಟ್ಟಿದ್ದಾರೆ, ಪೂಜೆ ಮಾಡುವುದೊಂದು ಬಾಕಿ.

"ಆನಿ ಕ್ರಿಶ್ಚಿಯನ್," ಎಂದು ಲೂರ್ಡ್ಸ್ ತಿದ್ದಿದರು.

"ಅದಕ್ಕೇ ಬಾಕಿ," ಎಂದರು ವಾರಿಜಾಕ್ಷಿ.

"ಮತ್ತೆ ಯಾಕೆ ಬರುವುದಿಲ್ಲ? ಬೀಳ್ತೇವೆ ಅಂತ ಹೆದರಿಕೆಯಾ?" ನಿರೀಕ್ಷಾ ಕೇಳಿದಳು.

"ಬಿದ್ರೆ ನಾನು ಬ್ಯಾಂಡೇಜ್ ಕಟ್ತೇನೆ," ಎಂದರು ಲೂರ್ಡ್ಸ್. "ಬೀಳುವ ಹೆದರಿಕೆ ಅಲ್ಲ ಮಗಾ. ನೋಡುವವರು ನಗ್ತಾರೆ ಅಂತ."

ನಿರೀಕ್ಷಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ನೀವು ಮೊದಲ ಸಲ ಒಬ್ಬರೇ ಓಡಿಸಿದಾಗ ಹೇಗಾಯ್ತು?"

ಲೂರ್ಡ್ಸ್ ವಾರಿಜಾಕ್ಷಿಯನ್ನು ನೋಡಿದರು. ವಾರಿಜಾಕ್ಷಿ ಲೂರ್ಡ್ಸ್‌ರನ್ನು ನೋಡಿದರು. ಇಬ್ಬರಿಗೂ ನಗು ಶುರುವಾಯಿತು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಮೂಗಿನಲ್ಲಿ ಸೊರ್ರೆನ್ನುವರು. ವಾರಿಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದನ್ನು ಹೇಳ್ಲಿಕ್ಕೆ ಆಗುವುದಿಲ್ಲ. ನಿನಗೆ ಸ್ಕೂಟರ್ ಬರ್ತದಲ್ಲ? ಗೊತ್ತಿರ್ತದೆ."

"ನನಗೆ ಬರುವುದಿಲ್ಲ."

ನಗು ನಿಂತಿತು.

"ಸಾಯ್ಬಾ, ದೇವರೇ!" ಎಂದು ಲೂರ್ಡ್ಸ್ ಸ್ಕೂಟರಿನ ಕೀ ಎತ್ತಿಕೊಂಡರು.

ಮೂವರೂ ಹೋದದ್ದು ಕ್ಲಾಸಿನ ಜಾಗಕ್ಕೆ, ಗದ್ದೆ ತುಂಬಿಸಿ ಮಾಡಿದ ಹೊಸ ಲೇಔಟಿಗೆ. ಡಾಂಬರು ರಸ್ತೆ ಇತ್ತು, ಮನೆಗಳು ಇನ್ನೂ ಎದ್ದಿರಲಿಲ್ಲ. ದನಗಳು ಮಾತ್ರ ಸೈಟು ಕೊಂಡವರ ಹಾಗೆ ಅಲ್ಲಲ್ಲಿ ನಿಂತಿದ್ದವು. ನಿರೀಕ್ಷಾಳ ತಲೆಗೆ ಹೆಲ್ಮೆಟ್ ಬಿತ್ತು. ಹಿಂದೆ ಹಿಡಿದುಕೊಂಡ ವಾರಿಜಾಕ್ಷಿ, "ಮೆಲ್ಲ ರೇಸ್ ಕೊಡು," ಎಂದರು. ನಿರೀಕ್ಷಾ ಮೆಲ್ಲ ಎಂದುಕೊಂಡು ಕೊಟ್ಟದ್ದು ಮೆಲ್ಲ ಆಗಿರಲಿಲ್ಲ.

ಸ್ಕೂಟರ್ ಚಿಮ್ಮಿತು. ಹಿಡಿದ ಕೈ ಎಲ್ಲಿ ಬಿಟ್ಟಿತೋ ಗೊತ್ತಾಗಲಿಲ್ಲ. ಎದುರಿದ್ದ ದನವೊಂದು ಇವಳ ಮುಖ ನೋಡಿ ತಾನೇ ದಾರಿ ಬಿಟ್ಟಿತು. ಅವಳು ಕಿರುಚಿದಳು. ತಿರುವು ಬಂತು, ಹೇಗೆ ತಿರುಗಿದಳೋ, ತಿರುಗಿದಳು! ಕಿರುಚಾಟ ಅಲ್ಲೆಲ್ಲೋ ನಗುವಾಗಿ, ಹೊಟ್ಟೆಯೊಳಗೆ ಯಾರೋ ಜೋಕಾಲಿ ಜೀಕಿದ ಹಾಗಾಗಿ, ಅವಳು ಗಾಳಿಯಲ್ಲಿ ಬಾಯಿ ಮುಚ್ಚಲಾಗದೆ ಹೋದಳು.

"ನಿಲ್ಲಿಸುವುದು ಹೇಗೆ?" ಎಂದು ಇಬ್ಬರನ್ನೂ ದಾಟುವಾಗ ಕೂಗಿದಳು.

"ಲೂರ್ಡ್ಸ್, ಬ್ರೇಕ್ ನೀನು ಹೇಳ್ಲಿಲ್ವಾ?"

"ನೀನು ಹೇಳಿದ್ದಿ ಅಂತ ನಾನು!"

ಇನ್ನೊಂದು ಸುತ್ತು ಮುಗಿಸಿ ಬರುವಾಗ ಇಬ್ಬರೂ ರಸ್ತೆ ಬದಿಯಲ್ಲಿ ನಿಂತು, ಗಾಳಿಯನ್ನೇ ಹಿಂಡುತ್ತಾ ತೋರಿಸಿದರು. ನಿರೀಕ್ಷಾ ಹಿಂಡಿದಳು. ಸ್ಕೂಟರ್ ನಿಂತಿತು. ಅವಳು ಇಳಿದು ರಸ್ತೆಯಲ್ಲೇ ಕುಳಿತು ನಕ್ಕಳು. ಅವಳನ್ನು ಎಬ್ಬಿಸಲು ಬಂದವರೂ ಅಲ್ಲೇ ಕುಳಿತರು.

"ಈಗ ಗೊತ್ತಾಯ್ತಾ ಹೇಗಾಗ್ತದೆ ಅಂತ?" ಲೂರ್ಡ್ಸ್ ಕೇಳಿದರು.

ಹೊಸ ಚಿತ್ರ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಹಸಿರು ಸೀರೆಯುಟ್ಟ ದಪ್ಪಗಿನ ಹೆಂಗಸು ಸ್ಕೂಟರಿನ ಮೇಲೆ. ಬಾಯಿ ಎಷ್ಟು ಅಗಲ ತೆರೆದಿದೆಯೆಂದರೆ ಹಿಂದಿನ ಹಲ್ಲಿಗೆ ಹಾಕಿಸಿದ ಬೆಳ್ಳಿಯೂ ಕಾಣುತ್ತದೆ. ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಆಕಾಶದಲ್ಲಿ. ಮೇಲೆ ದೊಡ್ಡ ಅಕ್ಷರಗಳಲ್ಲಿ: "ಅವರು ನಗುವ ಮೊದಲು ನಾವೇ ನಗುವ!"

ಈ ಸಲ ಸೇರಿದ್ದು ವಾರಿಜಾಕ್ಷಿಯ ಮನೆಯಲ್ಲಿ. ಯಾರೂ 'ಚೆಂದ ಉಂಟು' ಎನ್ನಲಿಲ್ಲ. ವಾರಿಜಾಕ್ಷಿ ಪೋಸ್ಟರನ್ನು ಎದೆಗೊತ್ತಿಕೊಂಡು ಅಡುಗೆಮನೆಗೆ ಓಡಿ ಗಂಡನಿಗೆ ತೋರಿಸಿದರು.

ಅತ್ತಾವರದ ಮೆಡಿಕಲ್ ಶಾಪಿನಲ್ಲಿ, ಚರ್ಚ್ ಹಾಲಿನ ಬಾಗಿಲಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ ಅದು ಅಂಟಿಕೊಂಡಿತು. ನಿರೀಕ್ಷಾಳಿಗೆ ಮೊದಲು ಫೋನ್ ಮಾಡಿದವರು ಆಶಾಲತಾ. "ನನ್ನ ಚಿತ್ರ ಯಾರು ಹಾಕಿದ್ದು?" ಕ್ಷಮಿಸಿ ಎನ್ನಲು ನಿರೀಕ್ಷಾ ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. "ಆ ಹಸಿರು ಸೀರೆ ನನ್ನದೇ ಅಲ್ವಾ? ಪರ್ವಾಗಿಲ್ಲ. ಹಾಕಿದ್ದೀರಲ್ಲ, ಇನ್ನು ಬರದಿದ್ರೆ ಮರ್ಯಾದೆ ಉಂಟಾ?" ಸಂಜೆಯೊಳಗೆ ಆನಿಯೂ, ಮಗ್ದಲೀನ್ ಎಂಬ ಪಿಯಾನೊ ಟೀಚರೂ ಆ ಹೆಂಗಸು ತಾವೇ ಎಂದು ಹಟ ಹಿಡಿದರು. ನಿರೀಕ್ಷಾ ಎಲ್ಲರಿಗೂ ಹೌದೆಂದಳು.

ಭಾನುವಾರ ಲೇಔಟಿನಲ್ಲಿ ಸ್ಕೂಟರಿಗಿಂತ ಹೆಂಗಸರೇ ಹೆಚ್ಚು. ಆಶಾಲತಾ ಹೋದರೆ ಎಲ್ಲರ ಬಾಯಿಂದ ಕೂಗು, ಆನಿ ನಿಂತರೆ ಚಪ್ಪಾಳೆ. ದನಗಳು ಅಷ್ಟು ಹೊತ್ತಿಗೆ ಬೇರೆ ಜಾಗ ನೋಡಿಕೊಂಡಿದ್ದವು. ಬನ್ಸಿನ ಡಬ್ಬಿ ಹಿಡಿದು ಬಂದ ವಾರಿಜಾಕ್ಷಿಯ ಗಂಡ ಬೂಬಣ್ಣ, ಜೀವಮಾನವಿಡೀ ಬಸ್ಸಿನಲ್ಲೇ ಓಡಾಡಿದವರು, ಬಹಳ ಹೊತ್ತು ಒಂದು ಬದಿಗೆ ನಿಂತು ನೋಡಿದರು. ಆಮೇಲೆ ನಿರೀಕ್ಷಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಗಂಡಸರಿಗೆ ಇಲ್ವಾ ಇದು?"

ನಿರೀಕ್ಷಾ ಉತ್ತರ ಕೊಡುವ ಮೊದಲೇ ಆಶಾಲತಾ ತಮ್ಮ ಹೆಲ್ಮೆಟ್ ತೆಗೆದು ಅವರ ತಲೆಗೆ ಹಾಕಿ, ಪಟ್ಟಿ ಬಿಗಿದಾಗಿತ್ತು.